ಸೋಡಾಬುಡ್ಡಿ ಕನ್ನಡಕದಿಂದ ಲೇಸರ್ ರೇಟ್ ಚೀಟಿವರೆಗೆ: ‘ಕಣ್ಣು ಕೊಟ್ಟ ಅಣ್ಣ’ ಡಾ. ಎಂ.ಸಿ. ಮೋದಿ

ಅಂಜನಾಪುರ: ರೇಷ್ಮೆ ಸಂಸ್ಥೆ ಸ್ಟೇಷನ್‌ನಲ್ಲಿ ಹಸಿರು ಮೆಟ್ರೋ ಹತ್ತಿ, ಮಹಾಲಕ್ಷ್ಮಿ ಸ್ಟೇಷನ್‌ನಲ್ಲಿ ಇಳಿದು, ಆಟೋದವರಿಗೆ ಮೋದಿ ಹಾಸ್ಪಿಟಲ್ ರೋಡ್ ಅಂದರೆ ಸಾಕು. ನನ್ನ ವಯಸ್ಸಿನ ಹುಡುಗರು ಆ ಹೆಸರು ಕೇಳಿದರೆ ಪ್ರಧಾನಿಯವರದ್ದು ಅಂದುಕೊಳ್ತಾರೆ. ಅಲ್ಲ. ಅವರು ಬೀಳಗಿಯ ಮುರುಗಪ್ಪ ಚನ್ನವೀರಪ್ಪ ಮೋದಿ. ಕಣ್ಣಿನ ಡಾಕ್ಟರ್. ನಮ್ಮ ಅಜ್ಜಿ ತಾತಂದಿರ ಕಾಲದಲ್ಲಿ ಕಣ್ಣಿನ ಪೊರೆ ತೆಗೆಸೋದು ಅಂದರೆ ಹಳ್ಳಿ ಕಡೆ ಮೊದಲು ನೆನಪಾಗುತ್ತಿದ್ದ ಹೆಸರು ಇದೇ. ಕಣ್ಣು ಕೊಟ್ಟ ಅಣ್ಣ ಅಂತ ಜನ ಕರೆಯುತ್ತಿದ್ದರು.

ಅವರು ತೀರಿಕೊಂಡು ಇಪ್ಪತ್ತು ವರ್ಷ ಆಯಿತು. ಈಗ ಯಾಕೆ ಆ ಕಥೆ ಅಂದರೆ, ಅದಕ್ಕೆ ನಮ್ಮ ಲೇಔಟಿನ ಒಂದು ದಿನಸಿ ಅಂಗಡಿ ಕಾರಣ. ಅಂಗಡಿ ಯಜಮಾನರಿಗೆ ಅರವತ್ತು ದಾಟಿದೆ. ಕೆಲವು ತಿಂಗಳಿಂದ ಗಲ್ಲದಲ್ಲಿ ಲೆಕ್ಕ ತಪ್ಪುತ್ತಿತ್ತು. ಕೊನೆಗೆ ಗೊತ್ತಾಯಿತು, ಅವರು ಇಪ್ಪತ್ತರ ನೋಟು ಅಂದುಕೊಂಡು ಇನ್ನೂರರ ನೋಟು ಚಿಲ್ಲರೆ ಕೊಡುತ್ತಿದ್ದರು. ಎರಡೂ ಹಳದಿ ಬಣ್ಣ, ಕಣ್ಣಿಗೆ ಪೊರೆ ಬಂದವರಿಗೆ ಎರಡೂ ಒಂದೇ. ಸಂಜೆ ಮೇಲೆ ಸ್ಕೂಟರ್ ಓಡಿಸೋದೂ ಬಿಟ್ಟಿದ್ದರು. ಎದುರಿಂದ ಬರುವ ಲೈಟು ಕಣ್ಣಲ್ಲಿ ಒಡೆದು ಚೆಲ್ಲಿದ ಹಾಗೆ ಆಗುತ್ತಿತ್ತಂತೆ. ಆಸ್ಪತ್ರೆಗೆ ಹೋದರೆ ಕೈಗೆ ಒಂದು ಚೀಟಿ ಕೊಟ್ಟು ಕಳಿಸಿದರು. ಅದರಲ್ಲಿ ಎರಡು ರೇಟು. ಒಂದು ಲೇಸರ್, ಇನ್ನೊಂದು ಮಾಮೂಲಿ. ಲೇಸರ್ ಹೆಚ್ಚುಕಮ್ಮಿ ಎರಡು ಪಟ್ಟು. ಹಬ್ಬದ ಸ್ಟಾಕಿಗೆ ಅಂತ ಎತ್ತಿಟ್ಟ ದುಡ್ಡು ಅಷ್ಟೂ ಅದಕ್ಕೇ ಹೋಗುತ್ತದೆ. ಮಗ ಲೇಸರ್ ಮಾಡಿಸಿ ಅಂತಾನೆ, ಅವರಿಗೆ ಮನಸ್ಸಿಲ್ಲ. ನ್ಯೂಸ್ ಬರೆಯೋನು ಅಲ್ವಾ, ತಿಳಕೊಂಡು ಹೇಳು ಅಂತ ಚೀಟಿ ನನ್ನ ಕೈಗೆ ಬಂತು.

ಹುಡುಕುತ್ತಾ ಹೋದವನು ಮೋದಿ ಅವರ ಹತ್ತಿರ ಬಂದು ನಿಂತೆ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಬೀಳಗಿಯಿಂದ ಹೊರಟವರು

ಮೋದಿ ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆ. ಆಗ ಬಿಜಾಪುರ ಜಿಲ್ಲೆ, ಆಡಳಿತ ಬ್ರಿಟಿಷರ ಮುಂಬೈ ಪ್ರಾಂತ್ಯದ್ದು. ಹಾಗಾಗಿ ಆ ಕಡೆಯ ಹುಡುಗರು ಓದಿಗೆ ನೋಡುತ್ತಿದ್ದದ್ದು ಬೆಂಗಳೂರು ಮೈಸೂರಿನ ಕಡೆಗಲ್ಲ, ಬೆಳಗಾವಿ ಮುಂಬೈ ಕಡೆಗೆ. ಮೋದಿ ಅನ್ನೋ ಅಡ್ಡಹೆಸರು ಗುಜರಾತಿಗೆ ಮಾತ್ರ ಸೇರಿದ್ದಲ್ಲ, ಉತ್ತರ ಕರ್ನಾಟಕದಲ್ಲೂ ಇದೆ. ಮರಾಠಿಯಲ್ಲಿ ಆ ಪದಕ್ಕೆ ದವಸ ಧಾನ್ಯ ಮಾರುವ ಅಂಗಡಿಯವ ಅಂತಲೇ ಅರ್ಥ. ನಮ್ಮ ಓದುಗರಲ್ಲಿ ಅರ್ಧ ಜನ ಆ ಲೆಕ್ಕದಲ್ಲಿ ಮೋದಿಗಳೇ.

ಬೆಳಗಾವಿಯಲ್ಲಿ ವೈದ್ಯ ಓದಿದರು, ಮುಂಬೈಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಕಲಿತರು. ಮುಂಬೈಯಲ್ಲೇ ಬೋರ್ಡು ಹಾಕಿಕೊಂಡು ಕೂತಿದ್ದರೆ ಚೆನ್ನಾಗಿ ಸಂಪಾದನೆ ಆಗುತ್ತಿತ್ತು. ಆದರೆ ಅದು 1942. ಕ್ವಿಟ್ ಇಂಡಿಯಾ ಚಳವಳಿಯ ವರ್ಷ. ಗಾಂಧೀಜಿಯವರ ಪ್ರಭಾವಕ್ಕೆ ಸಿಕ್ಕ ಆ ಕಾಲದ ಎಷ್ಟೋ ಹುಡುಗರಂತೆ ಇವರ ಮನಸ್ಸೂ ತಿರುಗಿತು. ಕೆಲವರು ಜೈಲಿಗೆ ಹೋದರು, ಕೆಲವರು ಖಾದಿ ಹಿಡಿದರು. ಇವರು ತಮಗೆ ಗೊತ್ತಿದ್ದ ಒಂದೇ ಕೆಲಸವನ್ನ ಹಳ್ಳಿಗೆ ತಗೊಂಡು ಹೋದರು. 1943ರಿಂದ ಶುರು.

ಆಗ ಹಳ್ಳಿಯಲ್ಲಿ ಪೊರೆ ಬಂತು ಅಂದರೆ ಏನಾಗುತ್ತಿತ್ತು ಅನ್ನೋದು ನಮಗೆ ಈಗ ಊಹೆಗೂ ಬರಲ್ಲ. ಬೆಂಗಳೂರಿನ ಮಂದಿಗೆ ಮಿಂಟೋ ಆಸ್ಪತ್ರೆ ಇತ್ತು, ಇವತ್ತಿಗೂ ಮಾರ್ಕೆಟ್ ಹತ್ತಿರ ಇರುವ ಆ ಕಟ್ಟಡ 1913ರದ್ದು. ಹಳ್ಳಿಯಲ್ಲಿ ಇದ್ದವರಿಗೆ? ಮನೆಯ ಮೂಲೆಯಲ್ಲಿ ಕೂರೋದು. ಮೊಮ್ಮಗು ಕೋಲಿನ ಒಂದು ತುದಿ ಹಿಡಿದು ಕರೆದುಕೊಂಡು ಹೋಗೋದು. ಅದೂ ಇಲ್ಲ ಅಂದರೆ ಊರೂರು ಅಲೆಯುವ ಕೆಲವರು ಬರುತ್ತಿದ್ದರು, ಕಣ್ಣಿಗೆ ಸೂಜಿ ಹಾಕಿ ಪೊರೆಯನ್ನ ಹಿಂದಕ್ಕೆ ತಳ್ಳಿಬಿಡುತ್ತಿದ್ದರು. ಪೊರೆ ಹೊರಗೆ ಬರುತ್ತಿರಲಿಲ್ಲ, ಕಣ್ಣಿನ ಒಳಗೇ ಕೆಳಗೆ ಬೀಳುತ್ತಿತ್ತು. ಒಂದೆರಡು ದಿನ ಬೆಳಕು ಕಾಣುತ್ತಿತ್ತು. ಅಷ್ಟರಲ್ಲಿ ಅವರು ದುಡ್ಡು ತಗೊಂಡು ಮುಂದಿನ ಊರಿಗೆ ಹೋಗಿರುತ್ತಿದ್ದರು. ಆಮೇಲೆ ಕಣ್ಣು ಕೀವಾಗಿ, ಇಲ್ಲಾ ಒತ್ತಡ ಏರಿ, ಬಹಳ ಜನಕ್ಕೆ ಇದ್ದ ಬೆಳಕೂ ಹೋಗುತ್ತಿತ್ತು.

ಒಂದು ದಿನಕ್ಕೆ 833

ಮೋದಿ ಅವರು ಮಾಡಿದ್ದು ಇಷ್ಟೇ. ರೋಗಿ ಆಸ್ಪತ್ರೆಗೆ ಬರಲಿ ಅಂತ ಕಾಯೋದನ್ನ ಬಿಟ್ಟು ಆಸ್ಪತ್ರೆಯನ್ನೇ ರೋಗಿಯ ಊರಿಗೆ ಒಯ್ದರು. ಕಣ್ಣಿನ ಕ್ಯಾಂಪ್ ಅನ್ನೋ ಪದ ನಮ್ಮ ಹಳ್ಳಿಗಳ ಬಾಯಿಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಕ್ಯಾಂಪ್ ಅಂದರೆ ಇವತ್ತಿನ ಹಾಗೆ ಬ್ಯಾನರ್ ಕಟ್ಟಿ, ಟಾರ್ಚ್ ಬಿಟ್ಟು ನೋಡಿ, ಚೀಟಿ ಬರೆದು ಕಳಿಸೋದಲ್ಲ. ಆಪರೇಷನ್ ಅಲ್ಲೇ. ಊರಿನ ಶಾಲೆಯೋ ಛತ್ರವೋ ಖಾಲಿ ಮಾಡಿಸಿ, ತೊಳೆಸಿ, ಬೆಂಚು ಜೋಡಿಸಿ, ಅದನ್ನೇ ಆಪರೇಷನ್ ಥಿಯೇಟರ್ ಮಾಡೋದು. ಸುತ್ತಲಿನ ಹಳ್ಳಿಗಳಲ್ಲಿ ಮೊದಲೇ ಡಂಗುರ. ಗಾಡಿ ಕಟ್ಟಿಕೊಂಡು, ಹೆಗಲ ಮೇಲೆ ಕೂರಿಸಿಕೊಂಡು ಜನ ಬರುತ್ತಿದ್ದರು. ರೋಗಿ, ಜೊತೆಗೆ ಮನೆಯವರು ಒಬ್ಬರು, ಅವರೆಲ್ಲರಿಗೆ ಕೆಲವು ದಿನ ಊಟ, ಹಾಸೋಕೆ ಚಾಪೆ.

ಈ ಊಟ ಚಾಪೆಯ ಖರ್ಚು ಯಾರದ್ದು? ಅಂಥ ಕ್ಯಾಂಪುಗಳು ನಡೆಯುತ್ತಿದ್ದದ್ದು ಊರಿನ ವರ್ತಕರ ಕೈಯಿಂದ. ಒಬ್ಬರು ಅಕ್ಕಿ ಮೂಟೆ, ಒಬ್ಬರು ಬೇಳೆ, ಜವಳಿ ಅಂಗಡಿಯವರು ಬ್ಯಾಂಡೇಜಿಗೆ ಬಟ್ಟೆ. ಇದನ್ನ ಬರೆಯೋದು ಯಾಕೆ ಅಂದರೆ, ಡಾಕ್ಟರ ಹೆಸರು ದಾಖಲೆ ಪುಸ್ತಕದಲ್ಲಿ ಬಂತು, ಮೂಟೆ ಕೊಟ್ಟವರ ಹೆಸರು ಯಾವುದರಲ್ಲೂ ಬರಲಿಲ್ಲ.

ದಾಖಲೆ ಅಂದೆನಲ್ಲ, ಅದನ್ನ ನೋಡೋಣ. ಗಿನ್ನೆಸ್ ದಾಖಲೆ ಪುಸ್ತಕದ ಪ್ರಕಾರ 1943ರಿಂದ 1993ರ ಫೆಬ್ರವರಿವರೆಗೆ ಮೋದಿ ಅವರು ಮಾಡಿದ ಆಪರೇಷನ್ 6,10,564. ನೋಡಿದ ರೋಗಿಗಳು 1,21,18,630. ಹೋದ ಹಳ್ಳಿಗಳು 46,120. ಒಂದೇ ದಿನ ಮಾಡಿದ ಪೊರೆ ಆಪರೇಷನ್ ಗರಿಷ್ಠ 833.

ಅಂಗಡಿಯವರು ಓದುವ ಪೇಜ್ ಇದು, ಲೆಕ್ಕ ಹಾಕದೆ ಬಿಡಲ್ಲ. ನಾನೂ ಹಾಕಿದೆ. ಐವತ್ತು ವರ್ಷ, ಒಂದು ಭಾನುವಾರವೂ ರಜೆ ಇಲ್ಲ ಅಂದುಕೊಂಡರೂ ದಿನಕ್ಕೆ 33 ಆಪರೇಷನ್. 833ರ ದಿನ ಇನ್ನೂ ವಿಚಿತ್ರ. 24 ಗಂಟೆ ಊಟ ನಿದ್ದೆ ಬಿಟ್ಟು ಮಾಡಿದರೂ ಒಂದು ಕಣ್ಣಿಗೆ ಸಿಗೋದು ಸುಮಾರು 104 ಸೆಕೆಂಡು. ಹನ್ನೆರಡು ಗಂಟೆ ಅಂದರೆ 52 ಸೆಕೆಂಡು. ಇದು ಹೇಗೆ ಆಗುತ್ತದೆ ಅಂದರೆ ಕೆಲಸ ಹಂಚಿಕೊಂಡಾಗ ಮಾತ್ರ. ಕಣ್ಣು ತೊಳೆಯೋರು ಒಬ್ಬರು, ಮರಗಟ್ಟುವ ಮದ್ದು ಕೊಡೋರು ಒಬ್ಬರು, ಪಟ್ಟಿ ಕಟ್ಟೋರು ಇನ್ನೊಬ್ಬರು. ಸಾಲು ಸಾಲು ಮೇಜು. ಡಾಕ್ಟರ್ ಒಂದು ಮೇಜಿಂದ ಇನ್ನೊಂದಕ್ಕೆ ಹೋಗುತ್ತಾ ಕುಯ್ಯೋದು, ಪೊರೆ ತೆಗೆಯೋದು ಮಾತ್ರ ಮಾಡೋದು. ಮದುವೆ ಮನೆಯ ಪಂಕ್ತಿಯಲ್ಲಿ ಅನ್ನ ಬಡಿಸೋನು ಅನ್ನ, ಸಾರು ಬಡಿಸೋನು ಸಾರು ಅಂತ ಇರುತ್ತದಲ್ಲ, ಹಾಗೆ.

ಹಳ್ಳಿಗಳ ಲೆಕ್ಕ ಮಾತ್ರ ನನಗೆ ಇನ್ನೂ ಅರಗಿಲ್ಲ. ಇಡೀ ಕರ್ನಾಟಕದ ಹಳ್ಳಿಗಳೇ ಸುಮಾರು 29 ಸಾವಿರ. 46 ಸಾವಿರ ಅಂದರೆ ಹೊರ ರಾಜ್ಯಗಳನ್ನೂ ಸೇರಿಸಬೇಕು, ಅವರು ಹೋಗಿದ್ದೂ ಹೌದು. ಆದರೂ ದಿನಕ್ಕೆ ಎರಡೂವರೆ ಹಳ್ಳಿ ಬೀಳುತ್ತದೆ, ಐವತ್ತು ವರ್ಷ ಸತತ. ಇನ್ನೊಂದು ಲೆಕ್ಕ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿತು. ನೋಡಿದ ಪ್ರತಿ ಇಪ್ಪತ್ತು ಜನರಲ್ಲಿ ಆಪರೇಷನ್ ಆಗಿದ್ದು ಒಬ್ಬರಿಗೆ. ಉಳಿದ ಹತ್ತೊಂಬತ್ತು ಜನಕ್ಕೆ ಕತ್ತರಿ ಹಾಕಿಲ್ಲ. ಇವತ್ತು ಕೆಲವು ಕಡೆ ಒಳಗೆ ಹೋದವರೆಲ್ಲ ಆಪರೇಷನ್ ಡೇಟು ತಗೊಂಡೇ ಹೊರಗೆ ಬರುತ್ತಾರೆ.

1956ರಲ್ಲಿ ಪದ್ಮಶ್ರೀ ಬಂತು. ಆ ವರ್ಷದ ನವೆಂಬರಿನಲ್ಲಿ ತಾನೇ ಏಕೀಕರಣ ಆಗಿದ್ದು, ಅಂದರೆ ಗಣರಾಜ್ಯೋತ್ಸವದ ಪಟ್ಟಿ ಬಂದಾಗ ಅವರ ಬೀಳಗಿ ಇನ್ನೂ ಮುಂಬೈ ರಾಜ್ಯದಲ್ಲಿತ್ತು. 1968ರಲ್ಲಿ ಪದ್ಮಭೂಷಣ. ಬೆಂಗಳೂರಲ್ಲಿ ಚಾರಿಟಿ ಕಣ್ಣಿನ ಆಸ್ಪತ್ರೆ ಕಟ್ಟಿದರು. ಮೇಲೆ ಹೇಳಿದ ರಸ್ತೆಗೆ ಹೆಸರು ಬಂದದ್ದು ಹಾಗೆ.

ಸೋಡಾಬುಡ್ಡಿ

ಆ 52 ಸೆಕೆಂಡಿನಲ್ಲಿ ಏನು ಆಗುತ್ತಿತ್ತು ಅನ್ನೋದು ಗೊತ್ತಾದರೆ ಅಂಗಡಿಯವರ ಚೀಟಿ ಅರ್ಥ ಮಾಡಿಕೊಳ್ಳೋದು ಸುಲಭ.

ನಮ್ಮ ಕಣ್ಣಿನ ಕಪ್ಪು ಗುಡ್ಡೆಯ ಹಿಂದೆ ಒಂದು ಲೆನ್ಸ್ ಇದೆ, ಹುಟ್ಟಿನಿಂದ ಬಂದದ್ದು. ಅದು ಒಂದು ತೆಳ್ಳನೆ ಚೀಲದೊಳಗೆ ಕೂತಿರುತ್ತದೆ, ಹುಣಸೆ ಬೀಜ ಅದರ ಸಿಪ್ಪೆಯೊಳಗೆ ಇದ್ದ ಹಾಗೆ. ವಯಸ್ಸಾದಂತೆ, ಶುಗರ್ ಇದ್ದರೆ ಇನ್ನೂ ಬೇಗ, ಆ ಲೆನ್ಸ್ ಮಂಜಾಗುತ್ತದೆ, ಹಳದಿ ತಿರುಗುತ್ತದೆ. ಅದೇ ಪೊರೆ. ಪೊರೆ ಅನ್ನೋ ಹೆಸರು ಕೇಳಿ ಕಣ್ಣಿನ ಮೇಲೆ ಹಾಲಿನ ಕೆನೆಯ ಹಾಗೆ ಏನೋ ಕಟ್ಟಿದೆ, ಅದನ್ನ ಸುಲಿದು ತೆಗೀತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಲೆನ್ಸೇ ಕೆಟ್ಟಿರೋದು.

ಮೋದಿ ಅವರು ಕ್ಯಾಂಪ್ ಶುರು ಮಾಡಿದ ಕಾಲದ ರೂಢಿ ಏನಂದರೆ, ಕಪ್ಪು ಗುಡ್ಡೆಯ ಅಂಚಿನಲ್ಲಿ ಅರ್ಧ ಚಂದ್ರದ ಹಾಗೆ ದೊಡ್ಡದಾಗಿ ಕುಯ್ದು, ಲೆನ್ಸನ್ನ ಚೀಲದ ಸಮೇತ ಇಡಿಯಾಗಿ ಹೊರಗೆ ತೆಗೆಯೋದು. ಕೈ ಪಳಗಿದ್ದರೆ ಬಹಳ ಬೇಗ ಆಗುವ ಕೆಲಸ. ಆದರೆ ಅದರ ಜಾಗಕ್ಕೆ ಏನೂ ಇಡುತ್ತಿರಲಿಲ್ಲ. ಕಣ್ಣಿನ ಲೆನ್ಸ್ ಹೋಯಿತು, ಬೆಳಕು ಬಂತು, ಆದರೆ ಎದುರಿಗೆ ಇರೋದೆಲ್ಲ ಕಲಸಿದ ಹಾಗೆ. ಅದಕ್ಕೆ ಹೊರಗಿನಿಂದ ಪ್ಲಸ್ ಹತ್ತರ ಆಸುಪಾಸಿನ ದಪ್ಪ ಗಾಜು. ಅದೇ ಸೋಡಾಬುಡ್ಡಿ ಕನ್ನಡಕ. ಹಳೇ ಫೋಟೋಗಳಲ್ಲಿ ಅಜ್ಜಂದಿರ ಕಣ್ಣು ಗೂಬೆ ಕಣ್ಣಿನ ಹಾಗೆ ದೊಡ್ಡದಾಗಿ ಕಾಣುತ್ತದಲ್ಲ, ಅದರ ಕಾರಣ ಇದು. ಆ ಗಾಜಿನಲ್ಲಿ ಎಲ್ಲವೂ ಕಾಲು ಭಾಗಕ್ಕಿಂತ ಜಾಸ್ತಿ ದೊಡ್ಡದಾಗಿ ಕಾಣೋದು. ಬದಿಯಲ್ಲಿ ಕಾಣುತ್ತಲೇ ಇರಲಿಲ್ಲ, ಪಕ್ಕದಿಂದ ಬಂದ ಸೈಕಲ್ಲು ಇದ್ದಕ್ಕಿದ್ದ ಹಾಗೆ ಮೂಗಿನ ಮುಂದೆ ಬಂದು ನಿಲ್ಲೋದು. ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿದ್ದರೆ ಎರಡು ಕಣ್ಣಿನ ಚಿತ್ರ ಒಂದಕ್ಕೊಂದು ಕೂಡುತ್ತಿರಲಿಲ್ಲ.

ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ ಅಂತ ಮನೆಯಲ್ಲಿ ಹಿರಿಯರು ಹೇಳ್ತಾರಲ್ಲ, ಆ ಮಾತು ಬಂದದ್ದು ಇಲ್ಲಿಂದ. ಆಪರೇಷನ್ ಆದ ಮೇಲಿನ ಪಾಡು ಇಷ್ಟು ಕಷ್ಟದ್ದು ಆಗಿದ್ದಾಗ, ಪೂರ್ತಿ ಕಾಣದೆ ಹೋಗುವವರೆಗೆ ಕಾಯೋದೇ ಸರಿ ಇತ್ತು. ಈಗ ಅದು ತಲೆಕೆಳಗಾಗಿದೆ. ಹಣ್ಣಾಗಿ ಗಟ್ಟಿಯಾದ ಪೊರೆಯನ್ನ ಇವತ್ತಿನ ಮೆಷಿನ್‌ನಲ್ಲಿ ತೆಗೆಯೋದು ಕಷ್ಟ. ಅಂಗಡಿ ಯಜಮಾನರು ಎರಡು ವರ್ಷ ಕಾದಿದ್ದು ಇದೇ ಮಾತು ನಂಬಿಕೊಂಡು.

ದಾಖಲೆ ಪುಸ್ತಕದಲ್ಲಿ ಇಲ್ಲದ ಕಾಲಂ

ಮೋದಿ ಅವರ ಬಗ್ಗೆ ಬರೆದಿರೋದೆಲ್ಲ ಹೊಗಳಿಕೆಯೇ. ಹೊಗಳಬೇಕಾದದ್ದೇ. ಆದರೆ ಒಂದು ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಾ ಇತ್ತು. 6,10,564 ಆಪರೇಷನ್ ಅನ್ನೋದು ಎಷ್ಟು ಮಾಡಿದರು ಅನ್ನುವ ಲೆಕ್ಕ. ಎಷ್ಟು ಜನಕ್ಕೆ ಎಷ್ಟು ಕಂಡಿತು ಅನ್ನೋದು ಬೇರೆ ಲೆಕ್ಕ, ಆ ಕಾಲಂ ದಾಖಲೆ ಪುಸ್ತಕದಲ್ಲಿ ಇಲ್ಲ. ಅದು ಅವರೊಬ್ಬರ ತಪ್ಪಲ್ಲ, ಆಗ ದೇಶದಲ್ಲಿ ಯಾವ ಕ್ಯಾಂಪಿನಲ್ಲೂ ಮುಖ್ಯವಾಗಿ ಎಣಿಸುತ್ತಿದ್ದದ್ದು ಆಪರೇಷನ್ ಸಂಖ್ಯೆಯನ್ನೇ. ಕನ್ನಡಕ ಒಡೆದರೆ ಆ ಮನುಷ್ಯ ಮತ್ತೆ ಕುರುಡ. ಹೊಲದಲ್ಲಿ ಕೆಲಸ ಮಾಡೋರ ದಪ್ಪ ಗಾಜಿನ ಕನ್ನಡಕ ಎಷ್ಟು ದಿನ ಬಂದೀತು?

ಛತ್ರದಲ್ಲಿ ಆಪರೇಷನ್ ಮಾಡೋದರ ಅಪಾಯ ದೇಶಕ್ಕೆ ಗೊತ್ತಾಗಿದ್ದು 1986ರಲ್ಲಿ. ಉತ್ತರ ಪ್ರದೇಶದ ಖುರ್ಜಾ ಅನ್ನೋ ಊರಿನ ಒಂದು ಕ್ಯಾಂಪ್. ಮೋದಿ ಅವರಿಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ 108 ಜನಕ್ಕೆ ಆಪರೇಷನ್ ಆಯಿತು, ಅದರಲ್ಲಿ ಪೊರೆಯದ್ದು 88. ಸೋಂಕು ತಗುಲಿ 84 ಜನರ ಕಣ್ಣು ಹೋಯಿತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1989ರಲ್ಲಿ ತೀರ್ಪು ಬಂತು. ಆಮೇಲೆ ನಿಧಾನಕ್ಕೆ ಪದ್ಧತಿ ಬದಲಾಯಿತು. ಈಗ ಊರಲ್ಲಿ ತಪಾಸಣೆ ಮಾತ್ರ, ಆಪರೇಷನ್ನಿಗೆ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಾರೆ.

ಇನ್ನೊಂದು ದೊಡ್ಡ ಬದಲಾವಣೆ ಅಂದರೆ ಒಳಗೆ ಇಡುವ ಲೆನ್ಸ್. ಲಂಡನ್ನಿನ ಹೆರಾಲ್ಡ್ ರಿಡ್ಲಿ ಅನ್ನೋ ಡಾಕ್ಟರ್ ಅದನ್ನ ಮೊದಲು ಇಟ್ಟಿದ್ದು 1949ರಲ್ಲಿ. ಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣೊಳಗೆ ಹೊಕ್ಕಿದ್ದರೂ ಕಣ್ಣು ಅದನ್ನ ಸಹಿಸಿಕೊಂಡಿದ್ದು ನೋಡಿ ಅವರಿಗೆ ಹೊಳೆದದ್ದಂತೆ. ಅಂದರೆ ಮೋದಿ ಅವರು ಕ್ಯಾಂಪ್ ಶುರು ಮಾಡಿ ಆರು ವರ್ಷಕ್ಕೇ ಲೆನ್ಸ್ ಹುಟ್ಟಿತ್ತು. ಆದರೆ ಅದು ನಮ್ಮ ಬಡವರ ಕಣ್ಣಿಗೆ ಬರೋಕೆ ನಲವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, ಕಾರಣ ದುಡ್ಡು. ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಅಂತ ಕಾರ್ಖಾನೆ ಹಾಕಿ ಲೆನ್ಸನ್ನ ಇಲ್ಲೇ ಕಮ್ಮಿ ಬೆಲೆಗೆ ಮಾಡೋಕೆ ಶುರು ಮಾಡಿದ ಮೇಲೆ ಸೋಡಾಬುಡ್ಡಿ ಕನ್ನಡಕ ಮರೆಯಾಗುತ್ತಾ ಹೋಯಿತು. ನನ್ನ ವಯಸ್ಸಿನವರು ಅದನ್ನ ನೋಡಿರೋದು ಹೆಚ್ಚಾಗಿ ಹಳೇ ಸಿನಿಮಾದಲ್ಲಿ.

ಇನ್ನು ಮೆಷಿನ್. ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಫೇಕೋ ತಂದರು. ಹಲ್ಲಿನ ಡಾಕ್ಟರ್ ಹಲ್ಲು ಕ್ಲೀನ್ ಮಾಡುವ ಗುಂಯ್ ಅನ್ನೋ ಮೆಷಿನ್ ನೋಡಿ ಬಂದ ಐಡಿಯಾ ಅದು. ಎರಡೂವರೆ ಮಿಲಿಮೀಟರ್ ಆಸುಪಾಸಿನ ತೂತು, ಅದರಲ್ಲಿ ಒಂದು ಸಣ್ಣ ಕೊಳವೆ, ಕಿವಿಗೆ ಕೇಳದ ಶಬ್ದದ ಕಂಪನದಿಂದ ಪೊರೆಯನ್ನ ಪುಡಿ ಮಾಡಿ ಹೀರೋದು. ಚೀಲವನ್ನ ಅಲ್ಲೇ ಉಳಿಸಿ, ಅದರೊಳಗೆ ಮಡಿಚಿದ ಲೆನ್ಸ್ ಬಿಡೋದು. ಹೊಲಿಗೆ ಬೇಡ, ಅವತ್ತೇ ಮನೆಗೆ.

ಮೋದಿ ಅವರು ತೀರಿಕೊಂಡಿದ್ದು 2005ರ ನವೆಂಬರ್ 11ರಂದು, 89ನೇ ವಯಸ್ಸಿನಲ್ಲಿ. ಇಡೀ ಲೆನ್ಸನ್ನ ಕೈಯಲ್ಲಿ ತೆಗೆಯುತ್ತಿದ್ದ ಕಾಲದಿಂದ ಮಡಿಚುವ ಲೆನ್ಸಿನ ಕಾಲದವರೆಗೆ ಒಬ್ಬರ ಆಯಸ್ಸಿನಲ್ಲೇ ಎಲ್ಲ ಆಗಿಹೋಯಿತು. ಅಂಗಡಿಯವರ ಚೀಟಿಯಲ್ಲಿದ್ದ ಲೇಸರ್ ಒಂದನ್ನ ಮಾತ್ರ ಅವರು ನೋಡಲಿಲ್ಲ. ಅದನ್ನ ಮನುಷ್ಯರ ಪೊರೆಗೆ ಮೊದಲ ಸಲ ಬಳಸಿದ್ದು ಹಂಗೇರಿಯ ಬುಡಾಪೆಸ್ಟ್‌ನಲ್ಲಿ, 2008ರಲ್ಲಿ.

ಚೀಟಿಯಲ್ಲಿದ್ದ ಲೇಸರ್

ಇಲ್ಲೊಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ಮೆಷಿನ್ನಿನಲ್ಲಿ ಮಾಡಿದ್ದೆಲ್ಲ ಲೇಸರ್. ಲೇಸರ್ ಆಪರೇಷನ್ ಆಯ್ತು ಅಂತ ಹೇಳುವ ಹಿರಿಯರಲ್ಲಿ ಬಹಳ ಜನಕ್ಕೆ ಆಗಿರೋದು ಫೇಕೋ. ಅದರಲ್ಲಿ ಲೇಸರ್ ಇಲ್ಲವೇ ಇಲ್ಲ, ಇರೋದು ಶಬ್ದದ ಕಂಪನ. ಇನ್ನು ಕೆಲವರಿಗೆ ಆಪರೇಷನ್ ಆಗಿ ತಿಂಗಳೋ ವರ್ಷವೋ ಕಳೆದ ಮೇಲೆ ಉಳಿಸಿದ ಆ ಚೀಲದ ಹಿಂಭಾಗ ಮಂಜಾಗುತ್ತದೆ, ಅದಕ್ಕೆ ಕೂತಲ್ಲೇ ಒಂದು ಲೇಸರ್ ಬಿಡ್ತಾರೆ, ಕೆಲವೇ ನಿಮಿಷದ ಕೆಲಸ. ಕನ್ನಡಕ ಬಿಡೋಕೆ ಹುಡುಗರು ಮಾಡಿಸಿಕೊಳ್ಳೋದು ಇನ್ನೊಂದು ಲೇಸರ್. ಚೀಟಿಯಲ್ಲಿದ್ದದ್ದು ಈ ಯಾವುದೂ ಅಲ್ಲ.

ಅದರ ಹೆಸರು ಫೆಮ್ಟೋ ಲೇಸರ್. ಅದು ಮಾಡೋದು ಮೂರು ಕೆಲಸ. ಡಾಕ್ಟರ್ ಬ್ಲೇಡಿನಲ್ಲಿ ಮಾಡುವ ತೂತನ್ನ ಅದು ಬೆಳಕಿನಲ್ಲಿ ಮಾಡುತ್ತದೆ. ಚೀಲದ ಮುಂಭಾಗದಲ್ಲಿ ಡಾಕ್ಟರ್ ಕೈಯಿಂದ ದುಂಡಗೆ ಬಿಡಿಸುವ ಬಾಯನ್ನ ಅದು ಕಂಪ್ಯೂಟರ್ ಅಳತೆಯಲ್ಲಿ ಬಿಡಿಸುತ್ತದೆ. ಪೊರೆಯನ್ನ ಮೊದಲೇ ಹೋಳು ಮಾಡಿಡುತ್ತದೆ. ಅಷ್ಟೇ. ಆಮೇಲೆ ರೋಗಿ ಮಾಮೂಲಿ ಮೇಜಿಗೇ ಹೋಗಬೇಕು, ಅದೇ ಫೇಕೋ ಕೊಳವೆ, ಅದೇ ಡಾಕ್ಟರ್ ಕೈ, ಅದೇ ಲೆನ್ಸ್. ಲೇಸರ್ ಅಂದರೆ ಕತ್ತರಿ ಇಲ್ಲ, ಪೊರೆ ಕರಗಿ ಹೋಗುತ್ತದೆ ಅಂತ ಅಂಗಡಿಯವರ ಮಗ ಅಂದುಕೊಂಡಿದ್ದ. ನಾನೂ ಅಂದುಕೊಂಡಿದ್ದೆ.

ಹಾಗಾದರೆ ಕಣ್ಣು ಜಾಸ್ತಿ ಕಾಣುತ್ತದಾ? ದಾಖಲೆ ಪುಸ್ತಕದಲ್ಲಿ ಇಲ್ಲದ ಕಾಲಂ ಅಂದೆನಲ್ಲ, ಈ ಸಲ ಅದನ್ನ ಸರಿಯಾಗಿ ತುಂಬಿದವರು ಇದ್ದಾರೆ. ಫ್ರಾನ್ಸ್‌ನ ಐದು ಆಸ್ಪತ್ರೆಗಳಲ್ಲಿ 909 ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು, ಒಂದಕ್ಕೆ ಲೇಸರ್, ಒಂದಕ್ಕೆ ಮಾಮೂಲಿ ಫೇಕೋ. ತೊಂದರೆ ಆಗಬಾರದು, ದೃಷ್ಟಿ ಚೆನ್ನಾಗಿರಬೇಕು, ಪವರ್ ಲೆಕ್ಕ ತಪ್ಪಬಾರದು, ಓರೆ ಪವರ್ ಹೆಚ್ಚಾಗಬಾರದು, ಈ ಎಲ್ಲದರಲ್ಲೂ ಪಾಸಾದರೆ ಮಾತ್ರ ಗೆದ್ದ ಕಣ್ಣು ಅಂತ ಬಹಳ ಬಿಗಿ ಪರೀಕ್ಷೆ ಇಟ್ಟರು. ಲೇಸರ್ ಗುಂಪಿನಲ್ಲಿ ಪಾಸಾದದ್ದು ನೂರಕ್ಕೆ 41.1, ಮಾಮೂಲಿಯಲ್ಲಿ 43.6. ಅಂದರೆ ಲೇಸರ್ ಮೇಲುಗೈ ಆಗಲಿಲ್ಲ. 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಂಗ್ಲೆಂಡಿನಲ್ಲಿ 785 ಜನರನ್ನ ಇಟ್ಟುಕೊಂಡು ಮಾಡಿದ ಇನ್ನೊಂದು ಅಧ್ಯಯನದಲ್ಲೂ ಮೂರು ತಿಂಗಳ ನಂತರ ಎರಡೂ ಗುಂಪಿನವರು ಬೋರ್ಡಿನ ಅಕ್ಷರ ಓದಿದ್ದು ಹೆಚ್ಚುಕಮ್ಮಿ ಒಂದೇ. ಹಿಂದಿನ ಚೀಲ ಹರಿದದ್ದು ಲೇಸರ್ ಗುಂಪಿನಲ್ಲಿ ಯಾರಿಗೂ ಇಲ್ಲ, ಮಾಮೂಲಿಯಲ್ಲಿ ಇಬ್ಬರಿಗೆ. ಆ ಇಬ್ಬರ ವ್ಯತ್ಯಾಸಕ್ಕೆ ಅಷ್ಟು ಖರ್ಚು ತೂಗಲ್ಲ ಅಂತಲೇ ಎರಡೂ ಕಡೆಯವರು ಬರೆದಿದ್ದಾರೆ.

ಲೇಸರ್ ಕೆಟ್ಟದ್ದು ಅಂತಲ್ಲ. ಕಪ್ಪು ಗುಡ್ಡೆ ಮೇಲಿನ ಗಾಜಿನ ಪದರ ದುರ್ಬಲ ಇರೋರಿಗೆ ಒಳಗಿನ ಕಂಪನ ಕಡಿಮೆ ಆಗಲಿ ಅಂತ ಡಾಕ್ಟರ್ ಅದನ್ನ ಯೋಚನೆ ಮಾಡಬಹುದು. ಮದ್ದು ಹಾಕಿದರೂ ಪಾಪೆ ದೊಡ್ಡದಾಗದೇ ಇರೋರಿಗೆ ಅದು ಒಗ್ಗಲ್ಲ. ಅದನ್ನ ಕಣ್ಣು ನೋಡಿದ ಡಾಕ್ಟರೇ ಹೇಳಬೇಕು, ನಾನಲ್ಲ.

ಅಗ್ಗದ ಕಡೆಯಿಂದಲೂ ಒಂದು ಹೋಲಿಕೆ ಇದೆ. ಸರ್ಕಾರಿ, ಚಾರಿಟಿ ಆಸ್ಪತ್ರೆಗಳಲ್ಲಿ ಇವತ್ತಿಗೂ ಹೆಚ್ಚು ನಡೆಯೋದು ಆರೇಳು ಮಿಲಿಮೀಟರ್ ತೂತಿನ, ಹೊಲಿಗೆ ಇಲ್ಲದ, ಕೈಯಲ್ಲೇ ಪೊರೆ ತೆಗೆದು ಲೆನ್ಸ್ ಇಡುವ ಆಪರೇಷನ್. ಮೋದಿ ಅವರ ಕ್ಯಾಂಪ್ ಪದ್ಧತಿಗೆ ಹತ್ತಿರದ ಸಂಬಂಧಿ ಅದು, ಲೆನ್ಸ್ ಒಂದು ಸೇರಿದೆ. ನೇಪಾಳದಲ್ಲಿ ಡಾ. ಸಂದುಕ್ ರುಯಿತ್ ಅವರ ತಂಡ ಅದನ್ನ ಫೇಕೋ ಜೊತೆ 108 ರೋಗಿಗಳಲ್ಲಿ ಹೋಲಿಸಿ 2007ರಲ್ಲಿ ಫಲಿತಾಂಶ ಕೊಟ್ಟರು. ಆರು ತಿಂಗಳಿಗೆ ಎರಡರಲ್ಲೂ ನೂರಕ್ಕೆ 98 ಜನಕ್ಕೆ ಒಳ್ಳೆ ದೃಷ್ಟಿ.

ಚೀಟಿಯನ್ನ ಇನ್ನೊಮ್ಮೆ ನೋಡಿದಾಗ ಒಂದು ವಿಷಯ ಕಂಡಿತು. ದುಬಾರಿ ರೇಟಿನಲ್ಲಿ ಲೇಸರ್ ಒಂದೇ ಇರಲಿಲ್ಲ, ದೂರ ಹತ್ತಿರ ಎರಡೂ ಕಾಣುವ ಬೆಲೆ ಹೆಚ್ಚಿನ ಲೆನ್ಸೂ ಸೇರಿತ್ತು. ಎರಡೂ ಬೇರೆ ಬೇರೆ ವಸ್ತು. ಅಕ್ಕಿ ಜೊತೆ ಬೇಳೆ ಕಟ್ಟಿ ಒಂದೇ ರೇಟು ಹೇಳಿದರೆ ನಮ್ಮ ಅಂಗಡಿಯಲ್ಲಿ ಯಾರಾದರೂ ಒಪ್ತಾರಾ? ಯಜಮಾನರು ವಾಪಸ್ ಹೋಗಿ ಬಿಡಿಸಿ ಕೇಳಿದರು. ಲೆನ್ಸಿಗೆ ಎಷ್ಟು, ಲೇಸರಿಗೆ ಎಷ್ಟು, ಲೇಸರ್ ಇಲ್ಲದೆ ನನ್ನ ಕಣ್ಣಿಗೆ ಏನು ಕಮ್ಮಿ ಆಗುತ್ತದೆ, ನನ್ನ ಶುಗರ್ ಎಷ್ಟಿದ್ದರೆ ಆಪರೇಷನ್ ಮಾಡ್ತೀರಿ, ಹಿಂದಿನ ನರ ಚೆನ್ನಾಗಿದೆಯಾ ಅಂತ. ಕೊನೆಯ ಪ್ರಶ್ನೆ ದೊಡ್ಡದು. ಶುಗರ್‌ನಿಂದ ಕಣ್ಣಿನ ಹಿಂದಿನ ಪರದೆ ಕೆಟ್ಟಿದ್ದರೆ ಮುಂದೆ ಎಂಥಾ ಲೇಸರ್ ಬಿಟ್ಟರೂ ಕಾಣಲ್ಲ. ಡಾಕ್ಟರ್ ಬೇಜಾರಿಲ್ಲದೆ ಎಲ್ಲಕ್ಕೂ ಉತ್ತರ ಕೊಟ್ಟರಂತೆ. ಲೇಸರ್ ಇಲ್ಲದಿದ್ದರೆ ಏನೂ ಕಮ್ಮಿ ಆಗಲ್ಲ ಅಂತ ಅವರೇ ಒಪ್ಪಿದರು.

ಮಾಮೂಲಿ ಫೇಕೋ, ಮಾಮೂಲಿ ಲೆನ್ಸ್. ಬಲಗಣ್ಣಿಗೆ ಆಯಿತು. ಎಡಗಣ್ಣಿಗೆ ಮುಂದಿನ ತಿಂಗಳು. ಮೊನ್ನೆ ಅಂಗಡಿಗೆ ಹೋದಾಗ ಕಪ್ಪು ಕನ್ನಡಕ ಹಾಕಿಕೊಂಡು ಗಲ್ಲದಲ್ಲಿ ಕೂತಿದ್ದರು. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ ಉಪ್ಪಿನ ಪ್ಯಾಕೆಟ್ ನೋಡಿದರು, ಆ ಕಣ್ಣು ಬಿಟ್ಟು ಇನ್ನೊಂದು ಮುಚ್ಚಿ ಮತ್ತೆ ನೋಡಿದರು. ಒಂದರಲ್ಲಿ ಬೆಳ್ಳಗೆ, ಒಂದರಲ್ಲಿ ಹಳೇ ಪೇಪರಿನ ಬಣ್ಣ. ಹತ್ತು ವರ್ಷದಿಂದ ಅಂಗಡಿ ಟ್ಯೂಬ್‌ಲೈಟು ಹಳದಿ ಅಂದುಕೊಂಡಿದ್ದರಂತೆ. ನನಗೆ ಚಿಲ್ಲರೆ ಕೊಡುವಾಗ ಇಪ್ಪತ್ತರ ನೋಟನ್ನ ಬಲಗಣ್ಣಿನ ಹತ್ತಿರ ಹಿಡಿದು ನೋಡಿಯೇ ಕೊಟ್ಟರು.